ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ಆ ಜಾಗ ಬಿಟ್ಟು ಉಜ್ಜಬೇಕಾ?

ಪಾವಗಡದ ಮಗಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ಮೂರು ತಿಂಗಳಿಂದ ಹಲ್ಲುಜ್ಜಿ ಉಗಿದರೆ ನೊರೆ ಕೆಂಪಗಿರುತ್ತದೆ. ಮೊದಲು ಯಾವಾಗಲೋ ಒಮ್ಮೆ ಬರುತ್ತಿತ್ತು, ಈಗ ದಿನಾ. ಮೊನ್ನೆ ಸೀಬೆಹಣ್ಣು ಕಚ್ಚಿದರೆ ಬಿಳಿ ತಿರುಳಿನ ಮೇಲೆ ಕೆಂಪು ಗೆರೆ. ನೋವು ಮಾತ್ರ ಇಲ್ಲ. ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕೆಳಸಾಲಿನ ಮುಂದಿನ ಹಲ್ಲುಗಳ ಸಂದಿಯಲ್ಲಿ ಒಸಡು ಉಬ್ಬಿ ಗುಂಡಗಾಗಿದೆ, ಕಡುಕೆಂಪು ಬಣ್ಣ. ಮೇಲಿನ ಸಾಲಲ್ಲಿ ಹಾಗಿಲ್ಲ. ಅಲ್ಲಿ ಸಂದಿಯ ಒಸಡು ಚೂಪಾಗಿ, ತಿಳಿ ಗುಲಾಬಿಯಾಗಿಯೇ ಇದೆ.

ರಕ್ತ ನೋಡಿ ಭಯವಾಗಿ ಆ ನಾಲ್ಕು ಹಲ್ಲು ಬಿಟ್ಟು ಉಳಿದದ್ದನ್ನಷ್ಟೇ ಉಜ್ಜುತ್ತಿದ್ದೇನೆ. ಗಾಯ ಆಗಿದೆ, ಕೆದಕಬಾರದು ಅಂದುಕೊಂಡೆ. ಆದರೆ ಕಡಿಮೆ ಆಗುವ ಬದಲು ಜಾಸ್ತಿ ಆಗಿದೆ. ಬೆಳಿಗ್ಗೆ ಒಂದು ಸಲ ಮಾತ್ರ ಉಜ್ಜುವ ಅಭ್ಯಾಸ, ಗಟ್ಟಿ ಬ್ರಷ್. ವಯಸ್ಸು 34. ಶುಗರ್, ಬಿಪಿ ಏನೂ ಇಲ್ಲ.

ಊರಲ್ಲಿ ಅಪ್ಪನಿಗೂ ಒಸಡು ಇಳಿದು ಹಲ್ಲು ಉದ್ದ ಕಾಣುತ್ತವೆ. ಅವರಿಗೆ 63, ಶುಗರ್ ಇದೆ. ಇದು ಮನೆತನದಲ್ಲಿ ಬರುವುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ರಾಗಿ ಅಂಬಲಿ · ಸೋಮವಾರ ರಾತ್ರಿ

ನನಗೂ ಹೀಗೇ ಆಗಿತ್ತು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಬಾಯಿ ಮುಕ್ಕಳಿಸಿದೆ. ಎರಡು ದಿನಕ್ಕೆ ಊತ ಇಳಿಯಿತು. ಆದರೆ ನಿಜ ಹೇಳಬೇಕು, ಮುಕ್ಕಳಿಸುವುದು ಬಿಟ್ಟ ಮೇಲೆ ಮತ್ತೆ ಶುರುವಾಯಿತು.

ಅಜ್ಜಿಮನೆ · ಮಂಗಳವಾರ ಬೆಳಿಗ್ಗೆ

ನಮ್ಮಜ್ಜಿ ಕೊನೆವರೆಗೂ ನಂಜನಗೂಡು ಹಲ್ಲುಪುಡಿ ಬಿಟ್ಟು ಬೇರೆ ಮುಟ್ಟಲಿಲ್ಲ. ಬೆರಳಲ್ಲೇ ತಿಕ್ಕುತ್ತಿದ್ದರು. ತಿಕ್ಕಿದ ಮೇಲೆ ಅದೇ ಬೆರಳಿನಿಂದ ಒಸಡನ್ನು ಮೇಲಿಂದ ಕೆಳಕ್ಕೆ ನೀವುತ್ತಿದ್ದರು. ಎಂಬತ್ತು ದಾಟಿದರೂ ಕಡಲೆ ಅಗಿಯುತ್ತಿದ್ದರು. ಈ ಬ್ರಷ್ ಬಂದ ಮೇಲೆಯೇ ಒಸಡಿನ ತೊಂದರೆ ಜಾಸ್ತಿ ಆಗಿದ್ದು ಅಂತ ನನಗನಿಸುತ್ತದೆ.

ಹುಬ್ಬಳ್ಳಿ ಅಣ್ಣ · ಮಂಗಳವಾರ ಬೆಳಿಗ್ಗೆ

ತಂಗಿ, ಏನು ಬೇಕಾದರೂ ಮಾಡು, ಹಲ್ಲು ಕ್ಲೀನಿಂಗ್ ಮಾತ್ರ ಮಾಡಿಸಬೇಡ. ನಮ್ಮ ಕಾಕಾ ಮಾಡಿಸಿದರು. ಅಲ್ಲಿವರೆಗೂ ಗಟ್ಟಿ ಇದ್ದ ಹಲ್ಲು ಅಲುಗಾಡೋಕೆ ಶುರುವಾದವು, ಸಂದಿ ಬಿಟ್ಟವು, ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ವರ್ಷದೊಳಗೆ ಎರಡು ಹಲ್ಲು ಬಿದ್ದವು. ಕಣ್ಣಾರೆ ಕಂಡಿದ್ದು.

ಒಸಡಿನ ಡಾಕ್ಟರ್ · ಮಂಗಳವಾರ ಮಧ್ಯಾಹ್ನ

ನಾನು ಒಸಡಿನ ಚಿಕಿತ್ಸೆ ಮಾಡುವ ದಂತವೈದ್ಯೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಪಾವಗಡದ ಮಗಳು ಅವರೇ, ಮೊದಲು ನಿಮ್ಮ ತಲೆಬರಹದ ಪ್ರಶ್ನೆಗೆ ಉತ್ತರ. ಬಿಡಬೇಡಿ. ರಕ್ತ ಬರುವ ಜಾಗವನ್ನೇ ಮೊದಲು ಉಜ್ಜಿ, ಮೃದುವಾಗಿ ಉಜ್ಜಿ, ದಿನಕ್ಕೆ ಎರಡು ಸಲ ಉಜ್ಜಿ. ನನ್ನ ಹತ್ತಿರ ಬರುವ ಹೆಚ್ಚಿನವರು ನಿಮ್ಮ ಹಾಗೇ ರಕ್ತ ಬಂದ ಕಡೆ ಬ್ರಷ್ ತಾಕಿಸುವುದು ನಿಲ್ಲಿಸಿರುತ್ತಾರೆ. ಅಲ್ಲಿಂದಲೇ ಕೆಡುವುದು.

ಹಲ್ಲಿಗೂ ಒಸಡಿಗೂ ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ತೆಳು ಪದರ ಕೂರುತ್ತದೆ. ಪ್ಲಾಕ್ ಅನ್ನುತ್ತೇವೆ. ಉಗುರಿನಿಂದ ಕೆರೆದರೆ ಬಿಳಿ ಲೋಳೆಯ ಹಾಗೆ ಬರುತ್ತದೆ, ನೋಡಿರುತ್ತೀರಿ. ಅದು ಅಲ್ಲೇ ಉಳಿದರೆ ಅದನ್ನು ಎದುರಿಸಲು ದೇಹ ಆ ಕಡೆಗೆ ರಕ್ತದ ಹರಿವು ಜಾಸ್ತಿ ಮಾಡುತ್ತದೆ. ಒಸಡು ಊದುತ್ತದೆ, ಅದರ ಒಳಪದರ ತೆಳುವಾಗುತ್ತದೆ, ಬ್ರಷ್ ತಾಕಿದರೆ ಸಾಕು ರಕ್ತ. ಇದಕ್ಕೆ ಜಿಂಜಿವೈಟಿಸ್ ಅಂತ ಹೆಸರು. ಅಂದರೆ ಬ್ರಷ್ ಗಾಯ ಮಾಡಿಲ್ಲ, ಒಸಡು ಮೊದಲೇ ಉರಿಯೂತದಲ್ಲಿತ್ತು.

ಇದನ್ನು 1965ರಲ್ಲೇ ಡೆನ್ಮಾರ್ಕ್‌ನಲ್ಲಿ ಮಾಡಿ ತೋರಿಸಿದ್ದಾರೆ. ಹರಾಲ್ಡ್ ಲೋ ಮತ್ತು ಅವರ ಜೊತೆಯವರು ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ಶುಚಿ ಮಾಡುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಹನ್ನೆರಡು ಜನಕ್ಕೂ ಒಸಡು ಊದಿತು. ಮತ್ತೆ ಉಜ್ಜಲು ಶುರು ಮಾಡಿಸಿದರು. ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಸರಿಹೋಯಿತು. ಯಾವ ಮಾತ್ರೆಯೂ ಇಲ್ಲ. ಓದುವಾಗ ಈ ಪಾಠ ಬಂದ ದಿನ ನನಗೆ ತುಂಬಾ ಖುಷಿಯಾಗಿತ್ತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಹಿಂದಕ್ಕೆ ಬರುವ ಕಾಯಿಲೆ ಎಷ್ಟಿವೆ ಹೇಳಿ?

ಆದರೆ ಅದೇ ಪ್ಲಾಕ್ ದಿನಗಟ್ಟಲೆ ಉಳಿದರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಜನ ಹಲ್ಲಿನ ಪಾಚಿ ಅನ್ನುವುದು ಇದಕ್ಕೇ. ನಾಲಿಗೆ ಕೆಳಗೆ ಎಂಜಲಿನ ಗ್ರಂಥಿಯ ಬಾಯಿ ಇರುವುದರಿಂದ ಕೆಳಸಾಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮೊದಲು ಕಟ್ಟುತ್ತದೆ. ನಾಲಿಗೆ ತುದಿಯಿಂದ ಅಲ್ಲಿ ಸವರಿ ನೋಡಿ. ಒರಟಾಗಿ ಗೋಡೆಯ ಹಾಗೆ ಸಿಕ್ಕರೆ ಅದು ಪಾಚಿ. ಇದು ಬ್ರಷ್‌ಗೂ ಬಗ್ಗಲ್ಲ, ಉಪ್ಪು ನೀರಿಗೂ ಬಗ್ಗಲ್ಲ. ರಾಗಿ ಅಂಬಲಿ ಅವರಿಗೆ ಮತ್ತೆ ಬಂದಿದ್ದು ಬಹುಶಃ ಇದಕ್ಕೇ. ಉಪ್ಪು ನೀರು ಊತಕ್ಕೆ ಹಿತ ಕೊಡುತ್ತದೆ, ಪದರ ತೆಗೆಯುವುದಿಲ್ಲ.

ಅಜ್ಜಿಮನೆ ಅವರೇ, ನಿಮ್ಮಜ್ಜಿ ದಿನಾ ತಪ್ಪದೆ ತಿಕ್ಕುತ್ತಿದ್ದರಲ್ಲ, ಅದೇ ಅವರನ್ನು ಕಾಪಾಡಿರಬಹುದು. ಆ ಪುಡಿ ತಯಾರಿಸುವ ಸದ್ವೈದ್ಯಶಾಲೆಯನ್ನು ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಶುರು ಮಾಡಿದ್ದು 1913ರಲ್ಲಿ. ಎಷ್ಟೋ ಮನೆಗಳಿಗೆ ದಿನಾ ಹಲ್ಲುಜ್ಜುವ ರೂಢಿ ಬಂದಿದ್ದೇ ಆ ಪುಡಿಯಿಂದ. ನನ್ನ ತಕರಾರು ಬೆರಳಿನ ಮೇಲೆ. ಬೆರಳು ಹಲ್ಲಿನ ಮುಖ ತಿಕ್ಕುತ್ತದೆ, ಸಂದಿಗೆ ಹೋಗುವುದಿಲ್ಲ. ಒಸಡಿನ ಕಾಯಿಲೆ ಹುಟ್ಟುವುದು ಸಂದಿಯಲ್ಲಿ.

ಹುಬ್ಬಳ್ಳಿ ಅಣ್ಣ, ನೀವು ಕಂಡಿದ್ದು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಅದನ್ನು ಸಂಜೆ ಬರೆಯುತ್ತೇನೆ, ಪೇಷಂಟ್ ಬಂದರು.

ರಾಗಿ ಅಂಬಲಿ · ಮಂಗಳವಾರ ಮಧ್ಯಾಹ್ನ

ನಾಲಿಗೆ ಆಡಿಸಿ ನೋಡಿದೆ. ಗೋಡೆಯೇ ಇದೆ.

ಒಸಡಿನ ಡಾಕ್ಟರ್ · ಮಂಗಳವಾರ ರಾತ್ರಿ

ಅಣ್ಣ, ನಿಮ್ಮ ಕಾಕಾ ವಿಷಯ. ಉರಿಯೂತ ವರ್ಷಗಟ್ಟಲೆ ಹಾಗೇ ಇದ್ದರೆ ಎಲ್ಲರಿಗೂ ಅಲ್ಲ, ಕೆಲವರಿಗೆ ಅದು ಒಳಗಿಳಿಯುತ್ತದೆ. ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಾ ಹೋಗುತ್ತದೆ. ಇದು ಪೆರಿಯೊಡಾಂಟೈಟಿಸ್. ಮೂಳೆ ಹೋದರೂ ಪಾಚಿ ಹಲ್ಲಿಗೆ ಹಲ್ಲು ಅಂಟಿಸಿ ಗಾರೆ ಹಾಕಿದ ಹಾಗೆ ಹಿಡಿದಿರುತ್ತದೆ. ಅದನ್ನು ತೆಗೆದ ದಿನ ಹಲ್ಲಿನ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಊತ ಇಳಿದಾಗ ಸಂದಿ ಕಾಣುತ್ತದೆ, ಪಾಚಿಯಡಿ ಮುಚ್ಚಿದ್ದ ಬೇರಿಗೆ ಗಾಳಿ, ನೀರು ತಾಕಿ ಜುಮ್ ಅನ್ನುತ್ತದೆ. ಜುಮ್ ಅನ್ನುವುದು ಸಾಮಾನ್ಯವಾಗಿ ಕೆಲವು ದಿನ ಅಥವಾ ಕೆಲವು ವಾರದಲ್ಲಿ ಇಳಿಯುತ್ತದೆ. ಮೂಳೆ ಕರಗಿದ್ದು ಕ್ಲೀನಿಂಗ್‌ಗೆ ಮೊದಲೇ. ಹತ್ತು ವರ್ಷ ಮುಂಚೆ ಯಾರಾದರೂ ಅವರನ್ನು ಕರೆದುಕೊಂಡು ಹೋಗಿದ್ದರೆ ಆ ಎರಡು ಹಲ್ಲು ಉಳಿಯುತ್ತಿದ್ದವೋ ಏನೋ. ಈ ಮಾತು ಹೇಳುವಾಗ ನನಗೆ ಬೇಜಾರಾಗುತ್ತದೆ, ಏಕೆಂದರೆ ವಾರಕ್ಕೊಬ್ಬರಾದರೂ ಹೀಗೆ ತಡವಾಗಿ ಬರುತ್ತಾರೆ.

ಹುಬ್ಬಳ್ಳಿ ಅಣ್ಣ · ಮಂಗಳವಾರ ರಾತ್ರಿ

ಡಾಕ್ಟ್ರೇ, ಇದನ್ನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮೂರು ವರ್ಷದಿಂದ ನಾನೇ ಎಷ್ಟೋ ಜನಕ್ಕೆ ಕ್ಲೀನಿಂಗ್ ಬೇಡ ಅಂತ ಹೇಳಿಬಿಟ್ಟಿದ್ದೇನೆ. ತಂಗಿ, ಮೇಲೆ ಹೇಳಿದ್ದು ಬಿಟ್ಟುಬಿಡು. ನಾನು ಬೀಡಿ ಸೇದುತ್ತೇನೆ, ಆದರೆ ನನಗೆ ಒಂದು ದಿನವೂ ರಕ್ತ ಬಂದಿಲ್ಲ. ಹಾಗಾದರೆ ನನ್ನದು ಸರಿ ಇದೆ ಅಂತ ತಾನೇ?

ಒಸಡಿನ ಡಾಕ್ಟರ್ · ಮಂಗಳವಾರ ರಾತ್ರಿ

ಹಾಗಂತ ನಂಬಬೇಡಿ ಅಣ್ಣ. ಬೀಡಿ, ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತನಾಳ ಕಿರಿದಾಗಿರುತ್ತವೆ, ಕಾಯಿಲೆ ಇದ್ದರೂ ರಕ್ತ ಕಮ್ಮಿ. ಎಚ್ಚರಿಕೆ ಗಂಟೆಯೇ ಹೊಡೆಯಲ್ಲ, ಮೂಳೆ ಮಾತ್ರ ಒಳಗೊಳಗೇ ಬೇಗ ಹೋಗುತ್ತದೆ. ಸೇದುವುದು ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ರಕ್ತ ಕಾಣಿಸಿಕೊಳ್ಳುತ್ತದೆ. ಒಸಡಿಗೆ ರಕ್ತದ ಓಡಾಟ ವಾಪಸ್ ಬರುತ್ತಿದೆ ಅಂತ ಅರ್ಥ. ಅದನ್ನು ನೋಡಿ ಹೆದರಿ ಮತ್ತೆ ಬೀಡಿ ಹಚ್ಚಬೇಡಿ. ಒಮ್ಮೆ ತೋರಿಸಿ, ತಡ ಮಾಡಬೇಡಿ.

ಪಾವಗಡದ ಮಗಳು · ಬುಧವಾರ ಬೆಳಿಗ್ಗೆ

ಮೇಡಂ, ಎಷ್ಟು ಸಮಯ ಕೊಟ್ಟು ಬರೆದಿದ್ದೀರಿ. ರಾತ್ರಿಯೇ ಮೃದು ಬ್ರಷ್ ತಂದೆ. ಆದರೆ ಮೃದುವಾಗಿ ಅಂದರೆ ಹೇಗೆ? ನಾನು ಪಾತ್ರೆ ಉಜ್ಜಿದ ಹಾಗೆ ಅಡ್ಡಡ್ಡ ಉಜ್ಜಿ ಬೆಳೆದವಳು.

ಅಪ್ಪನದ್ದೂ ಸ್ವಲ್ಪ ಹೇಳಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ನಿಮಗೆ ಗೊತ್ತೇ ಇರುತ್ತದೆ. ಚಿಕ್ಕಂದಿನಿಂದ ಅಪ್ಪನ ಹಲ್ಲು ಕಂದು. ಅವರು ಅದನ್ನು ಕೊಳೆ ಅಂದುಕೊಂಡು ಇದ್ದಿಲ ಪುಡಿ, ಕೆಲವು ಸಲ ಇಟ್ಟಿಗೆ ಪುಡಿ ಹಾಕಿ ಜೋರಾಗಿ ತಿಕ್ಕುತ್ತಾರೆ. ಮದುವೆ, ಜಾತ್ರೆ ಬಂದರಂತೂ ಇನ್ನೂ ಜೋರು. ನಾಲ್ಕು ಜನರ ಎದುರು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಅದು ನೋಡಿದಾಗ ಕರುಳು ಚುರ್ ಅನ್ನುತ್ತದೆ.

ಒಸಡಿನ ಡಾಕ್ಟರ್ · ಬುಧವಾರ ರಾತ್ರಿ

ಮೊದಲು ಅಪ್ಪನ ವಿಷಯ. ಫ್ಲೋರೈಡ್ ಕಲೆ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಎನಾಮಲ್‌ನಲ್ಲಿ, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರದಲ್ಲಿ, ಆಗಿರುವ ಬದಲಾವಣೆ. ಅದು ಮೇಲೆ ಕೂತ ಕೊಳೆ ಅಲ್ಲವೇ ಅಲ್ಲ, ಆದ್ದರಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇಟ್ಟಿಗೆ ಪುಡಿಯಿಂದ ಎನಾಮಲ್ ಸವೆಯುತ್ತದೆ, ಒಸಡು ಇಳಿಯುತ್ತದೆ, ಬೇರು ಹೊರಗೆ ಬಂದು ಹಲ್ಲು ಒಸಡಿಗೆ ಸೇರುವ ಜಾಗದ ಹತ್ತಿರ ಹಳ್ಳ ಬೀಳುತ್ತದೆ. ಅವರ ಹಲ್ಲು ಉದ್ದ ಕಾಣುವುದಕ್ಕೆ ಇದು ಒಂದು ಕಾರಣ ಇರಬಹುದು, ಮೂಳೆ ಕರಗಿದ್ದು ಇನ್ನೊಂದು. ದಯವಿಟ್ಟು ಅವರಿಗೆ ಹೇಳಿ: ಅವರು ಕೊಳಕಾಗಿರಲಿಲ್ಲ, ಅವರು ಕುಡಿದ ನೀರು ಹಾಗಿತ್ತು. ಕಲೆ ಮರೆಮಾಡುವ ಚಿಕಿತ್ಸೆ ಬೇರೆ ಇದೆ, ಒಸಡು ಸರಿಯಾದ ಮೇಲೆ ಅದರ ಬಗ್ಗೆ ಮಾತಾಡಬಹುದು.

ಶುಗರ್ ಇರುವವರಿಗೆ ಒಸಡು ಬೇಗ ಕೆಡುತ್ತದೆ. ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಒಸಡಿನ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಸ್ವಲ್ಪ ಇಳಿಯುವುದನ್ನು ಅಧ್ಯಯನಗಳು ತೋರಿಸಿವೆ. ಅದಕ್ಕೇ ಅಪ್ಪನನ್ನು ಮೊದಲು ಕರೆದೊಯ್ಯಿರಿ, ನಿಮ್ಮದು ಆಮೇಲೆ ಆದರೂ ನಡೆಯುತ್ತದೆ. ಬಿಪಿಗೆ ಆಮ್ಲೊಡಿಪಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವರಿಗೆ ಅದರಿಂದ ಒಸಡು ಬೆಳೆಯುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬಿಪಿ ಡಾಕ್ಟರ್ ಬದಲಿಸಿ ಕೊಡುತ್ತಾರೆ. ಮನೆತನದ ಪ್ರಶ್ನೆಗೆ: ಒಸಡು ಬೇಗ ಕೆಡುವ ಗುಣ ರಕ್ತಸಂಬಂಧದಲ್ಲಿ ಬರುವುದುಂಟು. ಆದರೆ ಪದರ ಕೂರಲು ಬಿಡದಿದ್ದರೆ ಆ ಗುಣಕ್ಕೆ ಕೆಲಸ ಕಮ್ಮಿ.

ಈಗ ಉಜ್ಜುವುದು. ಬ್ರಷ್ಷನ್ನು ಪೆನ್ ಹಿಡಿದ ಹಾಗೆ ಬೆರಳಲ್ಲಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ತೋಳಿನ ಬಲವೆಲ್ಲ ಒಸಡಿನ ಮೇಲೆ ಬೀಳುತ್ತದೆ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ, 45 ಡಿಗ್ರಿ ಓರೆ. ಆಮೇಲೆ ಅಲ್ಲೇ ಸಣ್ಣಗೆ ನಡುಗಿಸಿ, ಹತ್ತು ಹದಿನೈದು ಸಲ. ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ. ಮಾಗಿದ ಟೊಮೆಟೊ ಸಿಪ್ಪೆ ಹರಿಯದ ಹಾಗೆ ತೊಳೆಯುತ್ತೀರಲ್ಲ, ಅಷ್ಟೇ ಒತ್ತಡ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ ಉದ್ದುದ್ದ ನಿಲ್ಲಿಸಿ ತುದಿಯಿಂದ ಉಜ್ಜಬೇಕು. ಎಲ್ಲರೂ ತಪ್ಪಿಸುವ ಜಾಗ ಅದು. ಒಟ್ಟು ಎರಡು ನಿಮಿಷ ಬೇಕು. ಒಂದು ಸಲ ಗಡಿಯಾರ ಇಟ್ಟು ನೋಡಿ, ಎರಡು ನಿಮಿಷ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ರಾತ್ರಿಯದ್ದು ಬಿಡಲೇಬೇಡಿ. ನಿದ್ದೆಯಲ್ಲಿ ಎಂಜಲು ಕಮ್ಮಿ, ಬಾಯಿ ತನ್ನನ್ನು ತಾನು ತೊಳೆದುಕೊಳ್ಳಲು ಆಗುವುದಿಲ್ಲ. ಉಜ್ಜಿದ ಮೇಲೆ ಹಾಲು, ಬಾಳೆಹಣ್ಣು ಬೇಡ, ನೀರು ಮಾತ್ರ.

ಸಂದಿಗೆ ಫ್ಲಾಸ್, ದಿನಕ್ಕೊಮ್ಮೆ. ಒಂದು ಮೊಳ ದಾರ ಹರಿದುಕೊಳ್ಳಿ. ಹೂವು ಅಳೆಯುವ ಮೊಳವೇ. ಎರಡೂ ನಡುಬೆರಳಿಗೆ ಸುತ್ತಿ, ಸಂದಿಗೆ ಮೆಲ್ಲಗೆ ಇಳಿಸಿ, ಒಂದು ಹಲ್ಲಿಗೆ ತಬ್ಬಿಸಿ ಮೇಲೆ ಕೆಳಗೆ ಎಳೆಯಿರಿ, ಆಮೇಲೆ ಪಕ್ಕದ ಹಲ್ಲಿಗೆ. ಟಕ್ ಅಂತ ಒಸಡಿಗೆ ಹೊಡೆಯಬಾರದು. ಮೊದಲ ದಿನಗಳಲ್ಲಿ ದಾರ ಕೆಂಪಾಗುತ್ತದೆ. ನಿಲ್ಲಿಸಬೇಡಿ. ಸೇಫ್ಟಿ ಪಿನ್, ಬೆಂಕಿಕಡ್ಡಿ ಯಾವುದೂ ಬೇಡ.

ಮೌತ್‌ವಾಶ್ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ, ಕೇಳೇ ಕೇಳುತ್ತಾರೆ. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ನಾವು ಬರೆದುಕೊಡುವುದು ಸಾಮಾನ್ಯವಾಗಿ ಎರಡು ವಾರಕ್ಕೆ. ಪೇಸ್ಟ್ ಹಾಕಿ ಉಜ್ಜಿ ಅರ್ಧ ಗಂಟೆ ಬಿಟ್ಟು ಬಳಸಬೇಕು. ತಿಂಗಳುಗಟ್ಟಲೆ ಹಾಕಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆ ರುಚಿಯೂ ಹೋಗುತ್ತದೆ.

ಏಲಕ್ಕಿ · ಗುರುವಾರ ಬೆಳಿಗ್ಗೆ

ಮೇಡಂ, ನನಗೀಗ ಐದು ತಿಂಗಳು. ಬಸುರಾದ ಮೇಲೆ ಒಸಡಲ್ಲಿ ರಕ್ತ. ಈ ಸಮಯದಲ್ಲಿ ಹಲ್ಲಿನ ಡಾಕ್ಟರ್ ಹತ್ತಿರ ಹೋಗಲೇಬಾರದು ಅಂತ ಅತ್ತೆ ಹೇಳುತ್ತಾರೆ. ವಾಂತಿ ಇನ್ನೂ ನಿಂತಿಲ್ಲ, ಬ್ರಷ್ ಬಾಯಿಗಿಟ್ಟರೆ ಓಕರಿಕೆ.

ಒಸಡಿನ ಡಾಕ್ಟರ್ · ಗುರುವಾರ ಬೆಳಿಗ್ಗೆ

ಹೋಗಬಹುದಮ್ಮ, ಹೋಗಬೇಕು ಕೂಡ. ಹಾರ್ಮೋನ್ ಏರುಪೇರಿನಿಂದ ಸ್ವಲ್ಪ ಪ್ಲಾಕ್ ಇದ್ದರೂ ಈಗ ಒಸಡು ಜಾಸ್ತಿ ಊದುತ್ತದೆ. ಕ್ಲೀನಿಂಗ್‌ನಿಂದ ಮಗುವಿಗೆ ತೊಂದರೆ ಇಲ್ಲ. ನಾಲ್ಕರಿಂದ ಆರನೇ ತಿಂಗಳು ಕುರ್ಚಿಯಲ್ಲಿ ಒರಗಿ ಕೂರಲು ಅನುಕೂಲ, ನಿಮಗೆ ಇದೇ ಸರಿಯಾದ ಹೊತ್ತು. ನಿಮ್ಮ ಹೆರಿಗೆ ಡಾಕ್ಟರ್‌ಗೂ ಒಂದು ಮಾತು ತಿಳಿಸಿ. ವಾಂತಿ ಆದ ಕೂಡಲೇ ಉಜ್ಜಬೇಡಿ, ಹೊಟ್ಟೆಯ ಆಮ್ಲಕ್ಕೆ ಎನಾಮಲ್ ಮೆತ್ತಗಾಗಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಮಕ್ಕಳ ಬ್ರಷ್ ತಗೊಳ್ಳಿ, ತಲೆ ಚಿಕ್ಕದಿರುತ್ತದೆ, ಓಕರಿಕೆ ಕಡಿಮೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೇ ಕೇಳಿಸಿಕೊಳ್ಳಲಿ.

ತೋಟದ ಮನೆ · ಗುರುವಾರ ಮಧ್ಯಾಹ್ನ

ನಮ್ಮದು ಅಡಿಕೆ ತೋಟ. ಊಟ ಆದ ಮೇಲೆ ಕವಳ ಇಲ್ಲದೆ ಮನೆಯಲ್ಲಿ ಯಾರೂ ಏಳುವುದಿಲ್ಲ. ತಂಬಾಕು ಹಾಕುವುದಿಲ್ಲ, ಎಲೆ ಅಡಿಕೆ ಸುಣ್ಣ ಅಷ್ಟೇ. ಎಲೆ ಬಾಯಿಗೆ ಒಳ್ಳೆಯದು ಅಂತಾರಲ್ಲ, ಒಸಡಿಗೂ ಒಳ್ಳೆಯದಲ್ವಾ?

ಒಸಡಿನ ಡಾಕ್ಟರ್ · ಗುರುವಾರ ರಾತ್ರಿ

ಈ ಉತ್ತರ ಬರೆಯುವುದು ನನಗೆ ಸುಲಭ ಅಲ್ಲ, ನಮ್ಮ ತವರಿನದ್ದೂ ಅಡಿಕೆ ಬೆಳೆಯೇ. ಆದರೂ ಹೇಳಬೇಕು. ಅಡಿಕೆಯ ಒರಟು ಚೂರು ಸಂದಿಯಲ್ಲಿ ಸಿಕ್ಕಿ ಒಸಡು ಕೆರಳಿಸುತ್ತದೆ, ಕೆಂಪು ಕಲೆಯ ಒರಟು ಮೇಲೆ ಪ್ಲಾಕ್ ಚೆನ್ನಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡದು ಬೇರೆ ಇದೆ. ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಬಿಳಿ ಮಚ್ಚೆ ಅಥವಾ ಹುಣ್ಣು ಎರಡು ವಾರವಾದರೂ ಹೋಗದಿದ್ದರೆ ಒಂದು ದಿನವೂ ಕಾಯಬೇಡಿ.

ಆರೈಕೆ · ಶುಕ್ರವಾರ ರಾತ್ರಿ

ಅಮ್ಮನಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಮೊದಲ ಆರು ತಿಂಗಳು ಊಟ, ಮಾತ್ರೆ, ಹಾಸಿಗೆ ಹುಣ್ಣು ಇವನ್ನೇ ನೋಡಿಕೊಂಡೆವು, ಬಾಯಿ ಯಾರಿಗೂ ನೆನಪಾಗಲಿಲ್ಲ. ಒಂದು ದಿನ ದಿಂಬಿನ ಮೇಲೆ ರಕ್ತದ ಜೊಲ್ಲು. ಬಾಯಿ ತೆರೆಸಿ ನೋಡಿದರೆ ಕೈ ಸ್ವಾಧೀನವಿಲ್ಲದ ಬದಿಯ ಕೆನ್ನೆಯೊಳಗೆ ಹಿಂದಿನ ಊಟದ ಅನ್ನ ಹಾಗೇ ಕೂತಿತ್ತು. ಆ ಬದಿಯ ಒಸಡೆಲ್ಲ ನೇರಳೆ ಬಣ್ಣ.

ಈಗ ಮಾಡುವುದು ಇದು. ಮಂಚದ ತಲೆಭಾಗ ಎತ್ತಿ ಕೂರಿಸಿ, ಮುಖ ಒಂದು ಬದಿಗೆ ತಿರುಗಿಸುತ್ತೇನೆ. ಮೊದಲು ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಕೆನ್ನೆ ಒಳಗೆ ಸವರಿ ಅಗುಳು ತೆಗೆಯುತ್ತೇನೆ. ಆಮೇಲೆ ಮೃದು ಬ್ರಷ್‌ಗೆ ಕಡಲೆಕಾಳಿನಷ್ಟು ಪೇಸ್ಟ್. ನೀರು ಕುಡಿಸಿ ಮುಕ್ಕಳಿಸಿ ಅಂದರೆ ನೆತ್ತಿಗೆ ಹತ್ತುತ್ತದೆ, ಅದಕ್ಕೆ ಒದ್ದೆ ಬಟ್ಟೆಯಿಂದಲೇ ಒರೆಸಿ ತೆಗೆಯುತ್ತೇನೆ. ಮೂರು ವಾರಕ್ಕೆ ರಕ್ತ ನಿಂತಿತು. ಅಮ್ಮನಿಗೆ ಮಾತು ಬರುವುದಿಲ್ಲ, ಆದರೆ ಬಾಯಿ ಶುಚಿಯಾದ ಮೇಲೆ ತುಟಿ ಸವರಿಕೊಂಡು ಕಣ್ಣು ಮುಚ್ಚುತ್ತಾರೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ದಯವಿಟ್ಟು ಇವತ್ತೇ ಬಾಯಿ ತೆರೆಸಿ ನೋಡಿ.

ರಾಗಿ ಅಂಬಲಿ · ಶನಿವಾರ

ಕ್ಲೀನಿಂಗ್ ಮಾಡಿಸಿಕೊಂಡು ಬಂದೆ. ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋದೆ, ಖಾಸಗಿ ಕ್ಲಿನಿಕ್‌ಗಿಂತ ತುಂಬಾ ಕಡಿಮೆ ಖರ್ಚಾಯಿತು. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಅರ್ಧ ದಿನ ಬೇಕು. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಬಂದು ಪರೀಕ್ಷೆ ಮಾಡುತ್ತಾರೆ. ಆ ಹುಡುಗಿ ಎಷ್ಟು ತಾಳ್ಮೆಯಿಂದ ಒಂದೊಂದೇ ಹಲ್ಲು ಮಾಡಿದಳು ಅಂದರೆ! ತೆಗೆದ ಪಾಚಿಯ ಒಂದು ಚೂರು ಹತ್ತಿಯ ಮೇಲಿಟ್ಟು ತೋರಿಸಿದಳು. ಹಳದಿ, ಒಳಬದಿ ಕಪ್ಪು, ಹಲ್ಲಿನ ಆಕಾರಕ್ಕೇ ಬಾಗಿತ್ತು. ಅಷ್ಟು ದಿನ ಅದನ್ನೇ ಬಾಯಲ್ಲಿಟ್ಟುಕೊಂಡಿದ್ದೆ.

ಅಜ್ಜಿಮನೆ · ಭಾನುವಾರ

ಮಳೆಗಾಲ ಶುರುವಾಗಿದೆ. ನಮ್ಮ ಬೀದಿಯಲ್ಲಿ ಡೆಂಗಿ ಜ್ವರ ಬಂದ ಹುಡುಗನಿಗೆ ಒಸಡಲ್ಲಿ ರಕ್ತ ಬಂತು. ಅದೂ ಇದೂ ಒಂದೇನಾ?

ಒಸಡಿನ ಡಾಕ್ಟರ್ · ಭಾನುವಾರ

ಒಂದೇ ಅಲ್ಲ. ಒಳ್ಳೆ ಪ್ರಶ್ನೆ ಕೇಳಿದಿರಿ. ಜ್ವರದ ಜೊತೆ ಒಸಡಲ್ಲಿ ರಕ್ತ ಬಂದರೆ ಅದು ಡೆಂಗಿಯ ಅಪಾಯದ ಸೂಚನೆ, ನೇರ ಆಸ್ಪತ್ರೆಗೆ ಹೋಗಬೇಕು. ಏಟು ಬೀಳದೆ ಮೈಮೇಲೆ ನೀಲಿ ಕಲೆ, ನಿಲ್ಲದ ರಕ್ತ, ಸುಸ್ತು ಇದ್ದರೂ ಮೊದಲು ರಕ್ತ ಪರೀಕ್ಷೆ. ಬ್ರಷ್ ಬದಲಿಸಿಕೊಂಡು ಕೂರುವ ಹೊತ್ತಲ್ಲ ಅದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಹಲ್ಲಿನ ಡಾಕ್ಟರ್‌ಗೆ ಮೊದಲೇ ಹೇಳಿ.

ಪಾವಗಡದ ಮಗಳು · ಎರಡು ವಾರದ ನಂತರ, ಮಂಗಳವಾರ ರಾತ್ರಿ

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಮೊದಲ ಮೂರು ದಿನ ರಕ್ತ ಇನ್ನೂ ಜಾಸ್ತಿ ಬಂತು. ಫ್ಲಾಸ್ ಎಳೆದರೆ ದಾರ ಪೂರ್ತಿ ಕೆಂಪು, ಕೆಟ್ಟ ವಾಸನೆ. ನಿಲ್ಲಿಸಿಬಿಡೋಣ ಅನಿಸಿತು. ಮೇಡಂ ಬರೆದಿದ್ದನ್ನು ಮತ್ತೆ ಓದಿ ಮುಂದುವರಿಸಿದೆ. ಐದನೇ ದಿನ ಕಡಿಮೆ. ನಡುವೆ ಒಂದು ದಿನ ಕ್ಲೀನಿಂಗ್ ಆಯಿತು. ನಿನ್ನೆ, ಇವತ್ತು ಎರಡು ದಿನವೂ ನೊರೆ ಬೆಳ್ಳಗಿದೆ. ಟಾರ್ಚ್ ಹಿಡಿದು ನೋಡಿದೆ, ಸಂದಿಯ ಒಸಡು ಮತ್ತೆ ಚೂಪಾಗುತ್ತಿದೆ. ಸಂಜೆ ಸೀಬೆಹಣ್ಣು ತಂದು ಕಚ್ಚಿ ತಿಂದೆ. ಏನೂ ಇಲ್ಲ!

ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಗೆರೆ ಇರುವ ಸಣ್ಣ ಕಡ್ಡಿ ಹಾಕಿ ಒಸಡಿನ ಆಳ ಅಳೆದರು. ಮೂರರವರೆಗೆ ಪರವಾಗಿಲ್ಲವಂತೆ. ಅಪ್ಪನಿಗೆ ಹಿಂದಿನ ಹಲ್ಲುಗಳಲ್ಲಿ ಐದು, ಆರು ಮಿಲಿಮೀಟರ್ ಬಂತು. ಒಳಗಿನ ಬೇರಿನವರೆಗೂ ಶುಚಿ ಮಾಡಬೇಕು, ನಾಲ್ಕು ಸಲ ಬರಬೇಕು ಅಂದಿದ್ದಾರೆ. ಒಂದು ಆಗಿದೆ. ಕಲೆ ಕೊಳೆ ಅಲ್ಲ, ನೀರಿನಿಂದ ಬಂದಿದ್ದು ಅಂತ ಆ ಡಾಕ್ಟರ್ ಕೂಡ ಹೇಳಿದಾಗ ಅಪ್ಪ ಸುಮ್ನೆ ಅವರ ಮುಖವನ್ನೇ ನೋಡುತ್ತಾ ಕೂತರು. ಊರಿಗೆ ಹೋದ ದಿನವೇ ಇದ್ದಿಲ ಪುಡಿಯ ಡಬ್ಬಿಯನ್ನು ತಿಪ್ಪೆಗೆ ಹಾಕಿದರಂತೆ, ಅಮ್ಮ ಫೋನಲ್ಲಿ ಹೇಳಿದಳು.

ಮೇಡಂ, ಅಪ್ಪನ ಸಂದಿ ಅಗಲ ಇವೆ, ಬೆರಳೂ ದಪ್ಪ, ಫ್ಲಾಸ್ ಹಿಡಿಯಲು ಆಗುತ್ತಿಲ್ಲ. ಬೇರೆ ಏನಾದರೂ ಇದೆಯಾ?

ಒಸಡಿನ ಡಾಕ್ಟರ್ · ಮಂಗಳವಾರ ರಾತ್ರಿ

ಓದಿ ತುಂಬಾ ಸಂತೋಷ ಆಯಿತು. ಅವರಿಗೆ ಸಂದಿ ಬ್ರಷ್ ಸರಿ. ಪುಟ್ಟ ಬಾಟಲಿ ತೊಳೆಯುವ ಬ್ರಷ್‌ನ ಹಾಗಿರುತ್ತದೆ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಬೇರೆ ಬೇರೆ ಅಳತೆ ಇರುವುದರಿಂದ ಮುಂದಿನ ಸಲ ಹೋದಾಗ ಯಾವ ಸಂದಿಗೆ ಯಾವುದು ಅಂತ ಡಾಕ್ಟರ್ ಹತ್ತಿರವೇ ಹಾಕಿಸಿ ನೋಡಿ. ಸಲೀಸಾಗಿ ಹೋಗಬೇಕು, ತುರುಕಬಾರದು. ನಾಲ್ಕೂ ಸಲ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ತೋರಿಸುವುದು ಬಿಡಬೇಡಿ. ಎರಡನೇ ಸಲ ಯಾವತ್ತು?

ಪಾವಗಡದ ಮಗಳು · ಮಂಗಳವಾರ ರಾತ್ರಿ

ಬರುವ ಸೋಮವಾರ ಮೇಡಂ. ಈ ಸಲ ಅಮ್ಮನೂ ತೋರಿಸುತ್ತೇನೆ ಅಂದಿದ್ದಾಳೆ.